ಹೊರೆ ಹಗುರ, ಗಾಳಿ ಭಾರ: ಹುನಗುಂದದ ದಾರಿಯಲ್ಲೊಂದು ಲೆಕ್ಕ

ನಮ್ಮ ಕಡೆ ಹೊಸ ಗಾಡಿ ಬಂದು ಓಣಿಯಲ್ಲಿ ನಿಂತರೆ ಜನ ಬಣ್ಣ ನೋಡುತ್ತಾರೆ, ಬೆಲೆ ಊಹಿಸುತ್ತಾರೆ. ಆದರೆ ಬಾಯಿಬಿಟ್ಟು ಕೇಳುವ ಪ್ರಶ್ನೆ ಒಂದೇ: ‘ಎವರೇಜ್ ಎಷ್ಟು ಕೊಡ್ತೈತಿ?’ ಬೈಕ್ ಇರಲಿ, ಟಂಟಂ ಇರಲಿ, ಉತ್ತರವಾಗಿ ಒಂದು ಸಂಖ್ಯೆ ಬೇಕು. ಎಲೆಕ್ಟ್ರಿಕ್ ಕಾರಿನ ವಿಷಯದಲ್ಲಿ ಆ ಒಂದು ಸಂಖ್ಯೆ ಹೇಳುವುದೇ ಕಷ್ಟ. ಅದೇ ಗಾಡಿ, ಅದೇ ಬ್ಯಾಟರಿ. ಒಂದು ದಿನ 370 ಕಿ.ಮೀ. ಓಡುತ್ತೆ, ಇನ್ನೊಂದು ದಿನ 200ಕ್ಕೇ ಸುಸ್ತಾಗುತ್ತೆ.

ನಾನು ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಊರು ಹುನಗುಂದ. ಮಧ್ಯೆ ಸುಮಾರು 440 ಕಿ.ಮೀ. ದಾರಿ. ಎಲೆಕ್ಟ್ರಿಕ್ ಕಾರು ತಗೊಂಡ ಮೇಲೆ ಈ ದಾರಿಯಲ್ಲಿ ಓಡಾಡುತ್ತಾ, ‘ಎಷ್ಟು ಕೊಡ್ತೈತಿ’ ಅನ್ನೋದಕ್ಕಿಂತ ‘ಎಲ್ಲಿ ಹೋಗ್ತೈತಿ’ ಅನ್ನೋ ಪ್ರಶ್ನೆ ನನಗೆ ಹೆಚ್ಚು ಇಷ್ಟವಾಯಿತು. ಚಾರ್ಜ್ ಖರ್ಚಾಗೋದು ಎಲ್ಲಿ? ಮನೆಯವರೆಲ್ಲ ತೂಕದ ಕಡೆ ಬೆರಳು ತೋರಿಸುತ್ತಾರೆ. ‘ಮಂದಿ ಜಾಸ್ತಿ ಕುಂತ್ರ ರೇಂಜ್ ಬೀಳ್ತೈತಿ’, ‘ಜ್ವಾಳದ ಚೀಲ ಬ್ಯಾಡ, ಗಾಡಿ ಎಳಿಯಂಗಿಲ್ಲ.’ ಹೆದ್ದಾರಿಯಲ್ಲಿ ನಿಜವಾದ ಖರ್ಚು ಬೇರೆ ಕಡೆ ಇದೆ. ಅದನ್ನೇ ಈ ದಾರಿಯ ಜೊತೆಗೆ ಹೇಳುತ್ತೇನೆ.

ಕಣದಲ್ಲಿ ಕಲಿತ ಪಾಠ

ಕಣದಲ್ಲಿ ಜೋಳ ತೂರುವುದನ್ನು ನೋಡಿದ್ದೀರಾ? ಬುಟ್ಟಿಯಲ್ಲಿ ತುಂಬಿ ಎತ್ತರದಿಂದ ಸುರಿಯುತ್ತಾರೆ. ಕಾಳು ನೆಟ್ಟಗೆ ಕಾಲ ಬುಡಕ್ಕೆ ಬೀಳುತ್ತೆ, ಹೊಟ್ಟು ಗಾಳಿ ಜೊತೆ ದೂರ ಹೋಗುತ್ತೆ. ಗಾಳಿ ಬಂದಾಗ ತೂರಿಕೋ ಅನ್ನುವ ಗಾದೆ ಹುಟ್ಟಿದ್ದೇ ಈ ಕೆಲಸದಿಂದ. ಎಂಜಿನಿಯರಿಂಗ್‌ನಲ್ಲಿ ನಾಲ್ಕು ವರ್ಷ ಓದಿದ ಒಂದು ವಿಷಯ ಅಲ್ಲಿ ಎರಡೇ ಸೆಕೆಂಡಲ್ಲಿ ಕಾಣುತ್ತೆ. ಗಾಳಿ ತೂಕ ಕೇಳುವುದಿಲ್ಲ. ಎದುರಿಗೆ ಬಂದದ್ದು ಎಷ್ಟು ಅಗಲ ಇದೆ, ಯಾವ ಆಕಾರದಲ್ಲಿದೆ, ಎಷ್ಟು ವೇಗದಲ್ಲಿದೆ, ಇಷ್ಟನ್ನೇ ನೋಡುತ್ತೆ.

ತೂಕ ಕೇಳುವುದು ನೆಲ. ಮಳೆಗಾಲದಲ್ಲಿ ಎರೆ ಹೊಲದಲ್ಲಿ ಹೇರು ತುಂಬಿದ ಚಕ್ಕಡಿ ಎಳೆಯುವ ಎತ್ತುಗಳನ್ನು ನೋಡಿದರೆ ಗೊತ್ತಾಗುತ್ತೆ. ಗಾಲಿ ಮಣ್ಣಲ್ಲಿ ಹೂತಷ್ಟೂ ಎಳೆತ ಹೆಚ್ಚು. ಅದೇ ಚಕ್ಕಡಿ ಡಾಂಬರು ರಸ್ತೆ ಹತ್ತಿದ ತಕ್ಷಣ ಎತ್ತುಗಳು ನಿರಾಳ. ಕಾರಿಗೂ ಇದೇ ನಿಯಮ. ಟೈರು ಉರುಳುವಾಗ ಚೂರು ಒತ್ತಿ, ಮತ್ತೆ ಸೆಟೆಯುತ್ತೆ. ಹೀಗೆ ಪ್ರತಿ ಸುತ್ತಿನಲ್ಲೂ ಸ್ವಲ್ಪ ಶಕ್ತಿ ಬಿಸಿಯಾಗಿ ಹೋಗುತ್ತೆ. ತೂಕ ಹೆಚ್ಚಾದಷ್ಟೂ ಈ ಖರ್ಚು ಹೆಚ್ಚು. ಒಳ್ಳೆ ರಸ್ತೆ, ಸರಿಯಾಗಿ ಗಾಳಿ ತುಂಬಿದ ಟೈರು ಇದ್ದರೆ ಗಾಡಿಯ ತೂಕದ ನೂರನೇ ಒಂದು ಭಾಗದಷ್ಟು ಬಲ ಸಾಕು, ಅದು ಉರುಳುತ್ತಾ ಇರುತ್ತೆ.

ಇವೆರಡರ ನಡುವೆ ಒಂದು ದೊಡ್ಡ ವ್ಯತ್ಯಾಸವಿದೆ. ನೆಲ ಕೇಳುವ ಬಲ ವೇಗ ಹೆಚ್ಚಾದರೂ ಬಹುಪಾಲು ಅಷ್ಟೇ ಇರುತ್ತೆ. ಗಾಳಿ ಕೇಳುವ ಬಲ ಹಾಗಲ್ಲ. ವೇಗ ಎರಡು ಪಟ್ಟಾದರೆ ಅದು ನಾಲ್ಕು ಪಟ್ಟು.

ನಾಲ್ಕು ವೇಗ, ನಾಲ್ಕು ರೇಂಜ್

ಲೆಕ್ಕಕ್ಕೆ ಒಂದು ಸಾಮಾನ್ಯ ಎಲೆಕ್ಟ್ರಿಕ್ ಎಸ್‌ಯುವಿ ತೆಗೆದುಕೊಳ್ಳೋಣ. ಖಾಲಿ ಗಾಡಿ 1,400 ಕೆ.ಜಿ., ನಾಲ್ಕು ಜನ ಮತ್ತು ಬ್ಯಾಗು 300 ಕೆ.ಜಿ., ಒಟ್ಟು 1,700. ಬಳಸಲು ಸಿಗುವ ಬ್ಯಾಟರಿ 40 ಯುನಿಟ್. ಯುನಿಟ್ ಅಂದರೆ ಮನೆ ಕರೆಂಟ್ ಬಿಲ್‌ನಲ್ಲಿ ಬರುವ ಅದೇ ಯುನಿಟ್. ಎ.ಸಿ. ಹಾಕಿದೆ, ರಸ್ತೆ ಸಮತಟ್ಟು, ಗಾಳಿ ಇಲ್ಲ.

ಗಂಟೆಗೆ 60 ಕಿ.ಮೀ. ವೇಗದಲ್ಲಿ ಹೋದರೆ 100 ಕಿ.ಮೀ.ಗೆ ಸುಮಾರು 10.5 ಯುನಿಟ್ ಬೇಕು. 80ರಲ್ಲಿ 13. 100ರಲ್ಲಿ 16. 120ರಲ್ಲಿ 20 ದಾಟುತ್ತೆ. ಇದನ್ನೇ ರೇಂಜ್ ಆಗಿ ಹೇಳಿದರೆ ಸುಮಾರು 380, 310, 250, 195 ಕಿ.ಮೀ. ನಿಮ್ಮ ಗಾಡಿಯ ಅಂಕಿ ಸ್ವಲ್ಪ ಆಚೀಚೆ ಆಗಬಹುದು, ಆದರೆ ಇಳಿಯುವ ರೀತಿ ಇದೇ. ನನ್ನ ಗಾಡಿಯ ಪರದೆ ತೋರಿಸೋದೂ ಇದರ ಆಸುಪಾಸೇ.

ಈಗ ತೂಕಕ್ಕೆ ಬನ್ನಿ. ಮೂವರನ್ನೂ ಬ್ಯಾಗನ್ನೂ ಇಳಿಸಿ ಡ್ರೈವರ್ ಒಬ್ಬನೇ ಹೊರಟ ಅಂದುಕೊಳ್ಳಿ. 225 ಕೆ.ಜಿ. ಕಡಿಮೆ. 80ರ ವೇಗದಲ್ಲಿ 100 ಕಿ.ಮೀ.ಗೆ ಉಳಿಯುವುದು ಬರೀ 0.7 ಯುನಿಟ್. ರೇಂಜ್ ಲೆಕ್ಕದಲ್ಲಿ ಹೆಚ್ಚೆಂದರೆ 18 ಕಿ.ಮೀ. ಆದರೆ ಆ ಒಬ್ಬನೇ ಖಾಲಿ ಗಾಡಿಯನ್ನು 80ರ ಬದಲು 100ರಲ್ಲಿ ಓಡಿಸಿದರೆ 60 ಕಿ.ಮೀ.ಗಿಂತ ಹೆಚ್ಚು ರೇಂಜ್ ಗಾಳಿಗೆ ಹೋಯಿತು. ಇಡೀ ಕುಟುಂಬ ಇಳಿಸಿ ಉಳಿಸಿದ್ದರ ಮೂರು ಪಟ್ಟಿಗೂ ಹೆಚ್ಚು!

ಕಂಪನಿಯವರು ಹೇಳುವ ರೇಂಜ್‌ಗೂ ಹೆದ್ದಾರಿಯಲ್ಲಿ ಸಿಗುವುದಕ್ಕೂ ಅಷ್ಟು ಅಂತರ ಯಾಕೆ ಅನ್ನೋದಕ್ಕೂ ಇಲ್ಲೇ ಉತ್ತರವಿದೆ. ನಮ್ಮ ದೇಶದಲ್ಲಿ ಕಾರುಗಳ ರೇಂಜ್ ಅಳೆಯಲು ಬಳಸುತ್ತಾ ಬಂದ ಪರೀಕ್ಷೆಯಲ್ಲಿ ಗಾಡಿ ಗಂಟೆಗೆ 90 ಕಿ.ಮೀ. ದಾಟುವುದಿಲ್ಲ, ಅದೂ ಸ್ವಲ್ಪ ಹೊತ್ತು ಮಾತ್ರ. ಹೆಚ್ಚಿನ ಸಮಯ ಪೇಟೆಯ ನಿಧಾನ ವೇಗ. 2020ರಲ್ಲಿ ಬಂದ ಮೊದಲ ನೆಕ್ಸಾನ್ ಇವಿಗೆ 30.2 ಯುನಿಟ್ ಬ್ಯಾಟರಿ, ಪರೀಕ್ಷೆಯ ರೇಂಜ್ 312 ಕಿ.ಮೀ. ಅಂದರೆ 100 ಕಿ.ಮೀ.ಗೆ 10 ಯುನಿಟ್‌ಗಿಂತ ಕಡಿಮೆ. ಮೇಲಿನ ಲೆಕ್ಕದಲ್ಲಿ ನೋಡಿ, ಅದು 60ಕ್ಕಿಂತ ಕೆಳಗಿನ ವೇಗದ ಸಂಖ್ಯೆ. ಸುಳ್ಳಲ್ಲ, ಆದರೆ ನಮ್ಮ ಹೆದ್ದಾರಿಯದ್ದೂ ಅಲ್ಲ.

ಚಿತ್ರದುರ್ಗ ದಾಟಿದ ಮೇಲೆ

ಬೆಂಗಳೂರಿಂದ ತುಮಕೂರು, ಶಿರಾ, ಹಿರಿಯೂರು, ಚಿತ್ರದುರ್ಗ. ಅಲ್ಲಿಂದ ರಾಷ್ಟ್ರೀಯ ಹೆದ್ದಾರಿ 50 ಹಿಡಿದು ಹೊಸಪೇಟೆ, ಕುಷ್ಟಗಿ, ಇಳಕಲ್, ಆಮೇಲೆ ಹುನಗುಂದ. ಅದೇ ರಸ್ತೆ ಮುಂದೆ ವಿಜಯಪುರಕ್ಕೆ ಹೋಗುತ್ತೆ. ಚಿತ್ರದುರ್ಗದ ಸುತ್ತ ಗುಡ್ಡದ ಮೇಲೆ ಗಾಳಿಯಂತ್ರಗಳು ಸಾಲಾಗಿ ನಿಂತಿರುತ್ತವೆ. ಎಲ್ಲರೂ ಅವುಗಳ ಫೋಟೊ ತೆಗೆಯುತ್ತಾರೆ. ನಾನು ಅವು ಯಾವ ಕಡೆ ಮುಖ ಮಾಡಿವೆ ಅಂತ ನೋಡುತ್ತೇನೆ. ಗಾಳಿಯಂತ್ರ ಯಾವಾಗಲೂ ಗಾಳಿ ಬರುವ ದಿಕ್ಕಿಗೆ ತಿರುಗಿರುತ್ತೆ. ಇವಿ ಓಡಿಸುವವರಿಗೆ ಅದೊಂದು ಪುಕ್ಕಟೆ ಹವಾಮಾನ ವರದಿ.

ಹೊಸಪೇಟೆ ಸುರಂಗ ದಾಟಿ ತುಂಗಭದ್ರೆ ಹಿಂದೆ ಬಿದ್ದರೆ ನೋಟವೇ ಬದಲಾಗುತ್ತೆ. ದೂರದವರೆಗೆ ಬಯಲು, ಅಲ್ಲಲ್ಲಿ ಬಂಡೆಗಲ್ಲಿನ ಗುಡ್ಡ. ರಸ್ತೆ ಅಗಲ, ನೆಟ್ಟಗೆ, ವಾಹನ ಕಡಿಮೆ. ಎಲೆಕ್ಟ್ರಿಕ್ ಗಾಡಿಗೆ ಸದ್ದೂ ಇಲ್ಲ. ಕಾಲು ತಾನಾಗಿಯೇ ಕೆಳಗೆ ಹೋಗುತ್ತೆ, ಮೀಟರ್ 100 ದಾಟಿದ್ದೇ ತಿಳಿಯೋಲ್ಲ.

100ರಲ್ಲಿ ಹೋದರೆ ಊರು ಬೇಗ ಬರುತ್ತಲ್ಲ ಅನ್ನಬಹುದು. ಲೆಕ್ಕ ಹಾಕಿ. 440 ಕಿ.ಮೀ.ಯನ್ನು 80ರಲ್ಲಿ ಐದೂವರೆ ಗಂಟೆ, 100ರಲ್ಲಿ ನಾಲ್ಕು ಗಂಟೆ ಇಪ್ಪತ್ತನಾಲ್ಕು ನಿಮಿಷ. ಉಳಿದದ್ದು ಒಂದು ಗಂಟೆ ಆರು ನಿಮಿಷ. ಆದರೆ 80ರಲ್ಲಿ 57 ಯುನಿಟ್ ಸಾಕಾದ ದಾರಿಗೆ 100ರಲ್ಲಿ 71 ಯುನಿಟ್ ಬೇಕು. ಆ ಹೆಚ್ಚಿನ 14 ಯುನಿಟ್ ತುಂಬಿಸಲು 30 ಕಿಲೋವ್ಯಾಟ್ ಚಾರ್ಜರ್ ಮುಂದೆ ಅರ್ಧ ಗಂಟೆ. ನಿಮ್ಮ ಮುಂದೆ ಇನ್ನೊಂದು ಗಾಡಿ ನಿಂತಿದ್ದರೆ ಉಳಿಸಿದ ಸಮಯ ಪೂರ್ತಿ ಅಲ್ಲೇ ಹೋಯಿತು.

ಈ ದಾರಿಗೆ ಇನ್ನೊಂದು ಗುಣ ಇದೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್‌ಗಿಂತ ಎತ್ತರದಲ್ಲಿದೆ. ಹುನಗುಂದ 500 ಮೀಟರ್ ಆಸುಪಾಸು. ಊರಿಗೆ ಹೋಗುವಾಗ ಒಟ್ಟಾರೆ ಇಳಿಜಾರು, ಬರುವಾಗ ಏರು. ಇಷ್ಟು ಎತ್ತರಕ್ಕೆ 1,700 ಕೆ.ಜಿ. ಗಾಡಿ ಹತ್ತಿಸಲು ಸುಮಾರು 2 ಯುನಿಟ್ ಬೇಕು. ಇಲ್ಲಿ ತೂಕ ನೇರ ಲೆಕ್ಕಕ್ಕೆ ಬರುತ್ತೆ. ಆದರೂ ನೋಡಿ, ಇಡೀ ದಾರಿಯ 57 ಯುನಿಟ್ ಮುಂದೆ ಆ 2 ಯುನಿಟ್ ಎಷ್ಟರದ್ದು?

ಇಳಕಲ್ ಕಲ್ಲು, ಬೆಂಗಳೂರಿಗೆ ಜೋಳ

ಇಳಕಲ್ ಅಂದರೆ ಎಲ್ಲರಿಗೂ ಸೀರೆ ನೆನಪಾಗುತ್ತೆ. ಹೆದ್ದಾರಿಯಲ್ಲಿ ಓಡಾಡುವವರಿಗೆ ಕಲ್ಲೂ ನೆನಪಾಗುತ್ತೆ. ಇಲ್ಲಿನ ಕೆಂಪು ಗ್ರಾನೈಟ್ ದೂರ ದೂರದವರೆಗೆ ಹೋಗುತ್ತೆ. ಒಂದು ಘನ ಮೀಟರ್ ಗ್ರಾನೈಟ್ ಅಂದರೆ ಸುಮಾರು 2.7 ಟನ್, ಹೆಚ್ಚುಕಮ್ಮಿ ಎರಡು ಕಾರಿನ ತೂಕ. ಅಂಥ ಕಲ್ಲಿನ ಗುಂಡು ಹೊತ್ತ ಲಾರಿ ನಿಧಾನ ಉರುಳುತ್ತಾ ಏರು ಬಂದಾಗ ತೇಕುವುದನ್ನು ನೋಡಿದರೆ, ತೂಕವೇ ಎಲ್ಲಕ್ಕೂ ಶತ್ರು ಅನ್ನಿಸೋದು ಸಹಜ. ಆ ಲಾರಿಯ ಮಟ್ಟಿಗೆ ಅದು ನಿಜವೂ ಹೌದು. ಹತ್ತಾರು ಟನ್ ಹೊರೆ, ನಿಧಾನ ವೇಗ. ಅಲ್ಲಿ ನೆಲದ ಪಾಲು ದೊಡ್ಡದು, ಗಾಳಿಯ ಪಾಲು ಸಣ್ಣದು.

ಕಾರು ಹಾಗಲ್ಲ. ನಮ್ಮದು ಹಗುರ ಹೊರೆ, ಹೆಚ್ಚು ವೇಗ. ಲಾರಿಯ ಅನುಭವವನ್ನು ಕಾರಿಗೆ ಹಚ್ಚಿದರೆ ಲೆಕ್ಕ ತಪ್ಪುತ್ತೆ. ಪ್ರತಿ ಸಲ ಊರಿಂದ ಹೊರಡುವಾಗ ನಮ್ಮ ಮನೆ ಮುಂದೆ ಇದೇ ಚರ್ಚೆ. ಅವ್ವ ಜೋಳದ ಎರಡು ಚೀಲ ಬಾಗಿಲಿಗೆ ತಂದಿಟ್ಟಿರುತ್ತಾಳೆ, ಒಟ್ಟು ನೂರು ಕೆ.ಜಿ. ಜೊತೆಗೆ ಶೇಂಗಾ ಹಿಂಡಿ, ಖಡಕ್ ರೊಟ್ಟಿ, ಗುರೆಳ್ಳು ಚಟ್ನಿ. ಅಪ್ಪನದು ಒಂದೇ ಮಾತು: ‘ಬ್ಯಾಟರಿ ಗಾಡಿ ಅದು, ಹೇರಬ್ಯಾಡ್ರಿ.’ ಎದುರು ಮನೆಯ ಕಾಕಾ ಸಲಹೆ ಕೊಡುತ್ತಾರೆ: ‘ಒಳಗ ಜಾಗ ಇಲ್ಲಂದ್ರ ಮ್ಯಾಲೆ ಕ್ಯಾರಿಯರ್‌ಗೆ ಕಟ್ರಿ.’

ಎರಡೂ ಚೀಲ ಒಳಗಿಟ್ಟರೆ 440 ಕಿ.ಮೀ.ಗೆ ಆಗುವ ಹೆಚ್ಚಿನ ಖರ್ಚು, ಬೆಂಗಳೂರಿನ ಏರು ಸೇರಿಸಿದರೂ, ಸುಮಾರು 1.5 ಯುನಿಟ್. ಅಷ್ಟೇ. ಅದೇ ಚೀಲಗಳನ್ನು ಮೇಲೆ ಕಟ್ಟಿದರೆ? ತೂಕ ಅಷ್ಟೇ, ಆದರೆ ಈಗ ಅವು ಗಾಳಿಗೆ ಕಾಣುತ್ತವೆ. ಕ್ಯಾರಿಯರ್ ಮತ್ತು ಚೀಲ ಸೇರಿ ಗಾಡಿಯ ಎದುರಿನ ಗಾಳಿ ತಡೆ ನೂರಕ್ಕೆ ನಲವತ್ತರಷ್ಟು ಏರಿತು ಅಂತ ಇಟ್ಟುಕೊಂಡರೆ, 80ರ ವೇಗದಲ್ಲಿ ಬೆಂಗಳೂರು ಮುಟ್ಟುವಷ್ಟರಲ್ಲಿ ಇನ್ನೂ 11 ಯುನಿಟ್ ಹೋಗುತ್ತೆ. ಅಂದರೆ ಬ್ಯಾಟರಿಯ ಕಾಲು ಭಾಗಕ್ಕಿಂತ ಹೆಚ್ಚು. ಒಳಗಿದ್ದಾಗ ಒಂದೂವರೆ, ಹೊರಗೆ ಕಟ್ಟಿದರೆ ಹನ್ನೆರಡೂವರೆ. ಜೋಳ ಅದೇ ಜೋಳ.

ಗಾಳಿಗೆ ಡಿಕ್ಕಿಯ ಒಳಗಿದ್ದದ್ದು ಕಾಣುವುದಿಲ್ಲ. ಇದೊಂದು ಮಾತು ಮನೆಯವರಿಗೆ ಗೊತ್ತಾದರೆ ಸಾಕು.

ಆಯಿಯ 45 ಕೆ.ಜಿ.

ಹೋದ ಆಷಾಢದಲ್ಲಿ ಊರಿಗೆ ಹೋದಾಗ ಬಾದಾಮಿಯ ಬನಶಂಕರಿಗೆ ಹೋಗಿಬರೋಣ ಅಂತಾಯಿತು. ನಮ್ಮ ಮನೆದೇವರು. ಐಹೊಳೆ, ಪಟ್ಟದಕಲ್ಲು ಮೇಲೆ ಹೋದರೆ ಹೋಗಿಬರಲು 160 ಕಿ.ಮೀ. ಹತ್ತಿರ. ರಾತ್ರಿ ಮನೆಯ ಪ್ಲಗ್‌ಗೆ ಗಾಡಿ ಹಚ್ಚಿದ್ದೆ. ಮಳೆ ಗಾಳಿಗೆ ನಡುರಾತ್ರಿ ಕರೆಂಟ್ ಹೋಗಿ, ಬೆಳಿಗ್ಗೆ ನೋಡಿದರೆ 62 ಪರ್ಸೆಂಟ್. ಅಂದರೆ 25 ಯುನಿಟ್‌ಗೆ ಚೂರು ಕಡಿಮೆ. ದಾರಿಯಲ್ಲಿ ಚಾರ್ಜರ್ ನೆಚ್ಚಿಕೊಳ್ಳದೆ ಹೋಗಿ ಬರಬೇಕು.

ಹೊರಡುವವರು ನಾನು, ಅಪ್ಪ, ಅವ್ವ, ತಂಗಿ ಮತ್ತು ಆಯಿ, ಅಂದರೆ ಅಪ್ಪನ ಅವ್ವ. ವಯಸ್ಸು 82. ನಸುಕಿನಲ್ಲೇ ಜಳಕ ಮಾಡಿ ಇಳಕಲ್ ಸೀರೆ ಉಟ್ಟು ಕಟ್ಟೆ ಮೇಲೆ ಕುಳಿತಿದ್ದಳು. ಅಪ್ಪ ಪರ್ಸೆಂಟ್ ನೋಡಿದರು, ಹಿಂದಿನ ಸೀಟು ನೋಡಿದರು, ಸುಮ್ಮನಾದರು. ಆಯಿಗೆ ಅರ್ಥವಾಯಿತು.

‘ನಾ ಮನ್ಯಾಗ ಇರ್ತೀನಿ ತಗೋ ಯಪ್ಪಾ. ನಿನ್ನ ಗಾಡಿಗೆ ನಂದೊಂದು ಹೊರಿ ಯಾಕ?’

ಅಪ್ಪ ನಿಧಾನಕ್ಕೆ ಹೇಳಿದರು, ‘ಹೌದು ಬಿಡವ್ವಾ, ಮುಂದಿನ ಸಲ ಕರ್ಕೊಂಡು ಹೋಗೂಣು.’

ಎಂಬತ್ತೆರಡರಲ್ಲಿ ಮುಂದಿನ ಸಲ ಅನ್ನೋ ಮಾತು ಹಗುರವಲ್ಲ. ನಾನು ಫೋನಿನಲ್ಲಿ ಕ್ಯಾಲ್ಕುಲೇಟರ್ ತೆಗೆದೆ. ಆಯಿಯ ತೂಕ 45 ಕೆ.ಜಿ. 160 ಕಿ.ಮೀ.ಗೆ ಅವಳಿಂದ ಆಗುವ ಹೆಚ್ಚಿನ ಖರ್ಚು 0.22 ಯುನಿಟ್. ಎ.ಸಿ. ಹದಿಮೂರು ನಿಮಿಷ ಓಡಿದರೆ ಅಷ್ಟೇ ಖರ್ಚಾಗುತ್ತೆ. 80ರ ಬದಲು 60ರಲ್ಲಿ ಹೋದರೆ ಉಳಿಯುವುದು ಸುಮಾರು 4 ಯುನಿಟ್. ಅಂದರೆ ಆ ಉಳಿತಾಯದಲ್ಲಿ ಹದಿನೆಂಟು ಆಯಿಯರನ್ನು ಕರೆದೊಯ್ಯಬಹುದು, ಸೀಟು ಇದ್ದರೆ!

ಅಪ್ಪನಿಗೆ ಪರದೆ ತೋರಿಸಿದೆ. ‘ಇಷ್ಟs ಏನು?’ ಅಂದರು. ‘ಇಷ್ಟs’ ಅಂದೆ. ಆಯಿಯ ಚೀಲವನ್ನು ತಾವೇ ತಂದು ಸೀಟಿನ ಮೇಲಿಟ್ಟರು. ‘ಅರವತ್ತರ ಮ್ಯಾಲೆ ಹೊಡಿಬ್ಯಾಡ ಮತ್ತ’ ಅಂತ ನನಗೊಂದು ಷರತ್ತು.

ಎದುರುಗಾಳಿಯಲ್ಲಿ ಐಹೊಳೆ

ಹುನಗುಂದದಿಂದ ಬಾದಾಮಿ ಪಶ್ಚಿಮಕ್ಕೆ. ಆಷಾಢದ ಗಾಳಿ ಬೀಸುವುದೂ ಪಶ್ಚಿಮದ ಕಡೆಯಿಂದಲೇ. ಹಾಗಾಗಿ ಹೋಗುವಾಗ ಎದುರುಗಾಳಿ, ಬರುವಾಗ ಬೆನ್ನಗಾಳಿ. ಹೋಗುವಾಗ ಕಳೆದದ್ದು ಬರುವಾಗ ಸಿಕ್ಕಿ ಸರಿಹೋಗುತ್ತೆ ಅನ್ನಿಸುತ್ತೆ. ಸರಿಹೋಗುವುದಿಲ್ಲ.

ಗಾಡಿಯ ವೇಗ 60, ಗಾಳಿ 20 ಅಂದುಕೊಳ್ಳಿ. ಎದುರುಗಾಳಿಯಲ್ಲಿ ಗಾಡಿಗೆ ಬಡಿಯುವ ಗಾಳಿ 80ರದ್ದು, ಬೆನ್ನಗಾಳಿಯಲ್ಲಿ 40ರದ್ದು. ಬಲ ವೇಗದ ವರ್ಗದಂತೆ ಏರುವುದರಿಂದ 80 ಕಸಿಯುವುದು ಹೆಚ್ಚು, 40 ಮರಳಿಸುವುದು ಕಡಿಮೆ. ನಮ್ಮ ಗಾಡಿಯ ಲೆಕ್ಕದಲ್ಲಿ ಹೋಗುವಾಗ 2 ಯುನಿಟ್ ಚಿಲ್ಲರೆ ಹೆಚ್ಚು, ಬರುವಾಗ ಒಂದೂವರೆ ಯುನಿಟ್ ಕಡಿಮೆ. ಅದಕ್ಕೇ ಗಾಳಿ ದಿನ ಹೋಗುವಾಗ ಅರ್ಧಕ್ಕಿಂತ ಜಾಸ್ತಿ ಚಾರ್ಜ್ ಖರ್ಚಾದರೆ ಗಾಬರಿ ಬೇಡ, ಹಾಗಂತ ಬರುವಾಗ ಪೂರ್ತಿ ವಾಪಸ್ ಸಿಗುತ್ತೆ ಅಂತ ನೆಚ್ಚುವುದೂ ಬೇಡ.

ಅಮೀನಗಡದಲ್ಲಿ ಗಾಡಿ ನಿಲ್ಲದೆ ಇರುತ್ತದೆಯೇ? ಕರದಂಟು ತಗೊಂಡೆವು. ಒಂದು ಕೆ.ಜಿ. ಕರದಂಟಿನ ಭಾರ ಇಡೀ ದಾರಿಗೆ 0.005 ಯುನಿಟ್. ತಂಗಿ ಇನ್ನೂ ಒಂದು ಕೆ.ಜಿ. ತಗೊಂಡಳು.

ಮುಂದೆ ಹೋಗುತ್ತಿದ್ದ ಬಸ್ಸಿನ ಹಿಂದಿನ ಗಾಜು ಧೂಳಿನಿಂದ ಮಾಸಿ ಏನೂ ಕಾಣುತ್ತಿರಲಿಲ್ಲ. ನೀವೂ ನೋಡಿರುತ್ತೀರಿ, ಬಸ್ಸಿನ ಮುಂದಿನ ಗಾಜಿಗಿಂತ ಹಿಂದಿನದ್ದೇ ಹೆಚ್ಚು ಕೊಳೆ. ಚಪ್ಪಟೆ ಬೆನ್ನಿನ ಗಾಡಿ ಮುಂದೆ ಹೋದಾಗ ಹಿಂದೆ ಒಂದು ಪೊಳ್ಳು ಉಂಟಾಗುತ್ತೆ, ಅಲ್ಲಿ ಒತ್ತಡ ಕಡಿಮೆ. ಧೂಳನ್ನು ಸೆಳೆಯುವ ಅದೇ ಪೊಳ್ಳು ಗಾಡಿಯನ್ನೂ ಹಿಂದಕ್ಕೆ ಎಳೆಯುತ್ತೆ. ಗಾಳಿ ಸೀಳಲು ಮುಂದೆ ಚೂಪಿರಬೇಕು ಅಂತ ನಾವು ಅಂದುಕೊಳ್ಳುತ್ತೇವೆ. ಆದರೆ ಹೆಚ್ಚಿನ ಖರ್ಚು ಹಿಂಬದಿಯದ್ದು. ನೀರಿನ ಹನಿಯಂತೆ ಮುಂದೆ ಗುಂಡಗೆ, ಹಿಂದೆ ಇಳಿಯುತ್ತಾ ಹೋಗುವ ಆಕಾರ ಗಾಳಿಗೆ ಸಲೀಸು.

ಐಹೊಳೆಯ ದುರ್ಗ ಗುಡಿ ಮುಂದೆ ನಿಂತಾಗ ತಂಗಿ ಅದರ ಹಿಂಬದಿ ತೋರಿಸಿ ನಕ್ಕಳು, ‘ನೋಡು, ಇದಕ್ಕೆ ಹಿಂದೆ ಮೂಲೆನೇ ಇಲ್ಲ.’ ನಿಜ. ಚಾಲುಕ್ಯರ ಕಾಲದ ಈ ಗುಡಿಯ ಹಿಂಭಾಗ ಆನೆಯ ಬೆನ್ನಿನಂತೆ ದುಂಡಗಿದೆ, ಗಜಪೃಷ್ಠ ಅನ್ನುತ್ತಾರೆ. ಕಟ್ಟಿದವರಿಗೆ ಗಾಳಿಯ ಚಿಂತೆ ಇರಲಿಲ್ಲ, ಗುಡಿ ಎಲ್ಲಿಗೂ ಹೋಗಬೇಕಿಲ್ಲ. ಆದರೂ ಚೌಕ ಬೆನ್ನು ಮತ್ತು ದುಂಡು ಬೆನ್ನಿನ ವ್ಯತ್ಯಾಸ ಮಕ್ಕಳಿಗೆ ತೋರಿಸಲು ಇದಕ್ಕಿಂತ ಒಳ್ಳೆ ಜಾಗ ಸಿಗಲ್ಲ. ಆಯಿ ಮಾತ್ರ ಕಂಬಗಳ ನಡುವಿನ ಪ್ರದಕ್ಷಿಣೆ ಹಾದಿಯಲ್ಲಿ ತಂಗಿಯ ಕೈ ಹಿಡಿದು ಒಂದು ಸುತ್ತು ಹಾಕಿ ಬಂದಳು.

ಪಟ್ಟದಕಲ್ಲು, ಬಾದಾಮಿ ದಾಟಿ ಚೊಳಚಗುಡ್ಡದ ಬನಶಂಕರಿ ಮುಟ್ಟಿದಾಗ ಮಧ್ಯಾಹ್ನ. ದರ್ಶನ ಆಯಿತು. ಹೊಂಡದ ಕಟ್ಟೆ ಮೇಲೆ ಕುಳಿತು ರೊಟ್ಟಿ ಬುತ್ತಿ ಬಿಚ್ಚಿದೆವು. ಸಂಜೆ ಮನೆ ಮುಟ್ಟಿದಾಗ ಪರದೆಯಲ್ಲಿ 17 ಪರ್ಸೆಂಟ್ ಉಳಿದಿತ್ತು. ಐದು ಜನ, ಎದುರುಗಾಳಿ, ಎರಡು ಕೆ.ಜಿ. ಕರದಂಟು ಸೇರಿ ಖರ್ಚು 18 ಯುನಿಟ್.

ತೂಕ ಎಲ್ಲಿ ನಿಜಕ್ಕೂ ಕಾಡುತ್ತೆ?

ಪೇಟೆಯಲ್ಲಿ. ಇಳಕಲ್ ಬಜಾರಿನಲ್ಲೋ, ಬೆಂಗಳೂರಿನ ಸಿಲ್ಕ್ ಬೋರ್ಡ್‌ನಲ್ಲೋ ನಿಂತು ಹೊರಡುವ ಆಟದಲ್ಲಿ ಗಾಳಿಗೆ ಕೆಲಸವಿಲ್ಲ. ಅಲ್ಲಿ ಪ್ರತಿ ಸಲ ಗಾಡಿಯ ಪೂರ್ತಿ ತೂಕಕ್ಕೆ ವೇಗ ಕೊಡಬೇಕು. 1,700 ಕೆ.ಜಿ. ಗಾಡಿಯನ್ನು ನಿಂತಲ್ಲಿಂದ 50 ಕಿ.ಮೀ. ವೇಗಕ್ಕೆ ತರಲು ಬೇಕಾದ ಶಕ್ತಿ, ಇಪ್ಪತ್ತೆರಡು ಸಲಕ್ಕೆ ಒಂದು ಯುನಿಟ್. ಪೆಟ್ರೋಲ್ ಗಾಡಿಯಲ್ಲಿ ಬ್ರೇಕ್ ಒತ್ತಿದಾಗ ಅದಷ್ಟೂ ಬಿಸಿಯಾಗಿ ಹಾಳು. ಎಲೆಕ್ಟ್ರಿಕ್ ಗಾಡಿಯಲ್ಲಿ ಮೋಟಾರೇ ಆಗ ಡೈನಮೋ ಆಗಿ ಒಳ್ಳೆಯ ಪಾಲನ್ನು ಬ್ಯಾಟರಿಗೆ ಮರಳಿಸುತ್ತೆ. ಹಾಗಾಗಿ ಇವಿಗೆ ತೂಕದ ದಂಡ ಪೆಟ್ರೋಲ್ ಗಾಡಿಗಿಂತ ಕಡಿಮೆ. ಗಾಳಿಗೆ ಕೊಟ್ಟದ್ದು ಮಾತ್ರ ಯಾವತ್ತೂ ವಾಪಸ್ ಬರುವುದಿಲ್ಲ.

ಈ ಕಥೆಯಲ್ಲಿ ನಮ್ಮ ಬೆಂಗಳೂರಿಗೂ ಒಂದು ಪುಟ ಇದೆ. 2001ರಲ್ಲಿ ಇಲ್ಲೇ ತಯಾರಾಗಿ ರಸ್ತೆಗಿಳಿದ ರೇವಾ ನೆನಪಿದೆಯಾ? ಎರಡು ಬಾಗಿಲಿನ ಪುಟ್ಟ ಗಾಡಿ, ಭಾರದ ಸೀಸದ ಬ್ಯಾಟರಿ, ಒಂದು ಚಾರ್ಜ್‌ಗೆ 80 ಕಿ.ಮೀ. ಆಗ ತೂಕವೇ ದೊಡ್ಡ ಶತ್ರು, ಯಾಕಂದ್ರೆ ಬ್ಯಾಟರಿ ದೊಡ್ಡದು ಮಾಡಿದರೆ ಗಾಡಿಯೇ ಅದನ್ನು ಹೊರಲಾರದು. ಲಿಥಿಯಂ ಬ್ಯಾಟರಿ ಬಂದು ಆ ಕಟ್ಟು ಸಡಿಲವಾಯಿತು. ಈಗ ಕಟ್ಟು ಗಾಳಿಯದ್ದು.

ಇದಕ್ಕೆ ಒಳ್ಳೆ ಉದಾಹರಣೆ 2022ರ ಏಪ್ರಿಲ್‌ನಲ್ಲಿ ಮರ್ಸಿಡಿಸ್ ಕಂಪನಿಯ ಇಕ್ಯೂಎಕ್ಸ್‌ಎಕ್ಸ್ ಎಂಬ ಪ್ರಯೋಗದ ಕಾರು. ಜರ್ಮನಿಯಿಂದ ಫ್ರಾನ್ಸಿನ ಸಮುದ್ರ ತೀರದವರೆಗೆ ಒಂದೇ ಚಾರ್ಜ್‌ನಲ್ಲಿ 1,000 ಕಿ.ಮೀ. ದಾಟಿತು. 100 ಕಿ.ಮೀ.ಗೆ 8.7 ಯುನಿಟ್. ಅದರ ತೂಕ ಸುಮಾರು 1,750 ಕೆ.ಜಿ., ನಮ್ಮ ಲೆಕ್ಕದ ತುಂಬಿದ ಗಾಡಿಗಿಂತ ಹಗುರವೇನಲ್ಲ! ಆದರೆ ಅದರ ಡ್ರ್ಯಾಗ್ ಗುಣಾಂಕ 0.17. ಆಕಾರ ಗಾಳಿಯಲ್ಲಿ ಎಷ್ಟು ಸಲೀಸಾಗಿ ಜಾರುತ್ತೆ ಅನ್ನುವ ಸಂಖ್ಯೆ ಇದು, ಕಡಿಮೆ ಇದ್ದಷ್ಟೂ ಒಳ್ಳೇದು. ನಾವು ದಿನಾ ಓಡಿಸುವ ಎಸ್‌ಯುವಿಗಳದ್ದು ಸಾಮಾನ್ಯವಾಗಿ ಅದರ ಎರಡು ಪಟ್ಟಿನ ಹತ್ತಿರ.

ನಿಮ್ಮ ಊರಿನ ದಾರಿಗೆ

ಹೊಸ ಗಾಡಿ ನೋಡುವಾಗ ಬ್ಯಾಟರಿ ಎಷ್ಟು ಅನ್ನೋದರ ಜೊತೆ ಗಾಡಿಯ ಎತ್ತರ, ಹಿಂಬದಿಯ ಇಳಿಜಾರು ನೋಡಿ. ಅಷ್ಟೇ ಬ್ಯಾಟರಿ ಇದ್ದರೂ ತಗ್ಗಿನ ಸೆಡಾನ್ ಎತ್ತರದ ಎಸ್‌ಯುವಿಗಿಂತ ಹೆದ್ದಾರಿಯಲ್ಲಿ ದೂರ ಹೋಗುತ್ತೆ. ಇರುವ ಗಾಡಿಗೆ ಟೈರಿನ ಗಾಳಿ ತಿಂಗಳಿಗೊಮ್ಮೆ ನೋಡಿಸಿ, ಬಳಸದ ಕ್ಯಾರಿಯರ್ ಬಿಚ್ಚಿಡಿ, ಸಾಮಾನು ಒಳಗಿಡಿ. ರೇಂಜ್ ಉಳಿಸಲು ಲಾರಿಯ ಬೆನ್ನಿಗೆ ಅಂಟಿಕೊಂಡು ಹೋಗುವ ಹುಚ್ಚು ಸಾಹಸ ಬೇಡವೇ ಬೇಡ. ಲಾರಿ ಬ್ರೇಕ್ ಹಾಕಿದರೆ ಉಳಿಯುವುದು ಯುನಿಟ್ ಅಲ್ಲ.

ಚಾರ್ಜ್ ಕಡಿಮೆ ಅನ್ನಿಸಿದ ದಿನ ಮೊದಲು ಇಳಿಸಬೇಕಾದ್ದು ವೇಗ. ನಾವು ಬಹಳ ಮಂದಿ ಉಲ್ಟಾ ಮಾಡುತ್ತೇವೆ. ಚೀಲ ಬಿಡುತ್ತೇವೆ, ಡಬ್ಬಿ ಬಿಡುತ್ತೇವೆ, ವಯಸ್ಸಾದವರಿಗೆ ಮುಂದಿನ ಸಲ ಅನ್ನುತ್ತೇವೆ, ಆಮೇಲೆ ಖಾಲಿ ಗಾಡಿಯನ್ನು 110ರಲ್ಲಿ ಓಡಿಸುತ್ತೇವೆ. ಊರು ದೂರ ಇರುವವರಿಗೆ ಗಾಡಿ ಅಂದರೆ ಬರೀ ಓಡಾಟವಲ್ಲ, ಅವ್ವ ಕಟ್ಟಿಕೊಟ್ಟಿದ್ದನ್ನು ತರೋದು, ಹಿರಿಯರನ್ನು ಅವರ ದೇವರ ಹತ್ತಿರ ಮುಟ್ಟಿಸೋದು. ಅದಕ್ಕೆ ಬೇಕಾಗುವ ಚಾರ್ಜ್ ತೀರಾ ಸಣ್ಣದು. ಮೀಟರ್ ಮುಳ್ಳು 80ರ ಒಳಗಿದ್ದರೆ ಹಿಂದಿನ ಸೀಟಿನಲ್ಲಿ ಇನ್ನೊಬ್ಬರಿಗೆ ಜಾಗ ಇದ್ದೇ ಇರುತ್ತೆ.